ಹೈದರಾಬಾದಿನ ಮೋಟಾರೂ ತಣ್ಣನೆಯ ಗಾಳಿಯೂ

ಹೈದರಾಬಾದಿನ ವೈಶಾಖವನ್ನು ಬಲ್ಲವರಿಗೆ, ಅಲ್ಲಿನ ಹಳೆಯ ದೇವಡಿಗಳಲ್ಲಿ ಬಾಗಿಲು ಕಿಟಕಿಗಳಿಗೆ ಲಾವಂಚದ ತಟ್ಟಿಗಳನ್ನು ಕಟ್ಟಿ, ಹೊತ್ತುಹೊತ್ತಿಗೆ ನೀರೆರಚಿ, ಹೊರಗಿನ ಝಳವನ್ನೇ ಸುಗಂಧಶೀತಲ ಮಾರುತವನ್ನಾಗಿ ಒಳಕ್ಕೆ ಬರಮಾಡಿಕೊಳ್ಳುತ್ತಿದ್ದ ಪದ್ಧತಿಯನ್ನು ವಿವರಿಸಬೇಕಾದುದಿಲ್ಲ. ಶಹಾಬಾದಿನಿಂದ, ಎಂದರೆ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಕಲಬುರಗಿಯ ನೆಲದಿಂದ, ಹೋದ ಹಾಸುಗಲ್ಲಿನ ಮೇಲೆ ಕುಳಿತು ಆ ಗಾಳಿಗೆ ಮೈಯೊಡ್ಡಿದ ಜನಕ್ಕೆ, ಮೋಟಾರಿಗೂ ತಣ್ಣನೆಯ ಗಾಳಿ ಹಿತವೆಂಬ ಮಾತು ವಿಚಿತ್ರವಾಗಿ ತೋರಿರಲಾರದು. ಆದರೂ ಆ ನಗರದ ಮೋಟಾರು ಕಸುಬು ಬಹುಕಾಲ ತಂಪಿನ ಚಿಂತೆಗೆ ಕೈಹಾಕಲಿಲ್ಲ. ಅದಕ್ಕೆ ಸೆಕೆಗಿಂತ ಹಿರಿದಾದ ಶತ್ರುವೊಂದಿತ್ತು, ಧೂಳು.

ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ತರಿಸಲು ಬರೆದಿದ್ದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್, 1911ರಲ್ಲಿ ಅವರು ಗತಿಸಿದ ಮೇಲೆ ಊರು ಸೇರಿ, ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಉತ್ಸವಮೂರ್ತಿಯಂತೆ ಅಪರೂಪಕ್ಕೆ ಬೀದಿಗಿಳಿಯುತ್ತಿದ್ದುದರಿಂದ, ಧೂಳಿನ ಬಾಧೆ ಅದನ್ನು ಅಷ್ಟಾಗಿ ತಟ್ಟುವಂತಿರಲಿಲ್ಲ. ದಿನವೂ ದುಡಿಯುವ ಬಸ್ಸಿನ ಪಾಡು ಬೇರೆ. 1932ರ ಜೂನಿನಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ಶಾಖೆ 27 ಬಸ್ಸು, 166 ನೌಕರರೊಡನೆ ಆರಂಭವಾದಾಗ, ಸ್ಕಾಟ್ಲೆಂಡಿನ ಶೀತಲ ಮಂಜಿನಲ್ಲಿ ಹುಟ್ಟಿದ ಆಲ್ಬಿಯನ್ ಗಾಡಿಗಳು ದಖ್ಖನದ ಕೆಮ್ಮಣ್ಣಿಗೆ ಬಂದಿಳಿದುವು. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟರೊಡನೆ ಎಷ್ಟು ಮಣ್ಣು ಎಂಜಿನ್ನಿನ ಹೊಟ್ಟೆಗಿಳಿದೀತು, ಆ ಮಣ್ಣು ಸಿಲಿಂಡರಿನ ಗೋಡೆಯನ್ನು ಸಾಣೆಕಲ್ಲಿನಂತೆ ಹೇಗೆ ತೇದೀತು ಎಂಬುದನ್ನು ಓದುಗರೇ ಊಹಿಸಬಲ್ಲರು.

ಇದಕ್ಕೆ ಆ ಯುಗ ಕಂಡುಕೊಂಡ ಉಪಾಯವೆಂದರೆ ಎಣ್ಣೆಯ ಬಟ್ಟಲು. ಒಳಬರುವ ಗಾಳಿ ಮೊದಲು ಕೆಳಮುಖವಾಗಿ ಇಳಿದು, ಬಟ್ಟಲಿನ ಎಣ್ಣೆಯ ಮೇಲೆ ಥಟ್ಟನೆ ತಿರುಗಿ ಮೇಲೇರಬೇಕು. ಹಗುರವಾದ ಗಾಳಿ ತಿರುಗುತ್ತದೆ, ಭಾರವಾದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ, ಉಳಿದದ್ದು ಮೇಲಿನ ತಂತಿಯ ಜಾಲರಿಗೆ ಅಂಟುತ್ತದೆ. ಬಿಸಿಲೂರಿನ ಮೆಕ್ಯಾನಿಕ್ಕನು ಬಟ್ಟಲು ಬಿಚ್ಚಿ, ಕರಿಯ ರಾಡಿಯನ್ನು ಸುರಿದು, ಸೀಮೆಎಣ್ಣೆಯಲ್ಲಿ ಜಾಲರಿ ತೊಳೆದು, ಹೊಸ ಎಣ್ಣೆಯನ್ನು ಗೆರೆಯವರೆಗೆ ಹೊಯ್ಯುವ ಆ ಕ್ರಿಯೆಯಲ್ಲಿ ಒಂದು ವಿಧವಾದ ಪೂಜಾವಿಧಿಯ ಗಾಂಭೀರ್ಯವಿತ್ತೆಂದು ನನಗೆ ಅನಿಸುವುದುಂಟು.

ತಂಪಿನ ಪ್ರಶ್ನೆ ಅಂಬಾಸಿಡರಿನ ಕಾಲದಲ್ಲಿ ವಕ್ರಮಾರ್ಗದಿಂದ ಬಂದಿತು. ನಡುಹಗಲಿನ ಉರಿಗೆ ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗಿ ಗಾಡಿ ನಿಂತುಬಿಟ್ಟರೆ, ಚಾಲಕನು ಬಾನೆಟ್ಟೆತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಮರದ ನೆರಳಿನಲ್ಲಿ ಒಂದು ಬೀಡಿ ಮುಗಿಯುವವರೆಗೆ ಕಾಯುತ್ತಿದ್ದನು. ದೇವಡಿಯ ತಟ್ಟಿಗೂ ಈ ಬಟ್ಟೆಗೂ ಶಾಸ್ತ್ರ ಒಂದೇ: ಆರುವ ನೀರು ತನ್ನೊಡನೆ ಶಾಖವನ್ನು ಒಯ್ಯುತ್ತದೆ.

1983ರ ಡಿಸೆಂಬರ್ 14ರಂದು ಮಾರುತಿ 800 ರಸ್ತೆಗಿಳಿದ ಮೇಲೆ ಕಾಗದದ ಫಿಲ್ಟರು ಎಲ್ಲರಿಗೂ ಪರಿಚಿತವಾಯಿತು. 796 ಸಿಸಿಯ ಆ ಪುಟ್ಟ ಎಂಜಿನ್ನಿನಿಂದ ಇನ್ನಷ್ಟು ಹುರುಪು ಹಿಂಡಬೇಕೆಂಬ ತರುಣರ ಆಸೆಯೂ ಅದರ ಹಿಂದೆಯೇ ಹುಟ್ಟಿತು. ಸಿಕಂದರಾಬಾದಿನ ರಾಣಿಗಂಜ್, ಬಿಡಿಭಾಗಗಳ ಪೇಟೆಯೆಂದು ಹೆಸರಾದ ಆ ಬೀದಿಗಳ ಗುಂಪು, ಇಂಥ ಆಸೆಗಳಿಗೆ ಸಹಜವಾದ ತೀರ್ಥಕ್ಷೇತ್ರ. ಕಂಪನಿಯು ಕೊಟ್ಟ ಫಿಲ್ಟರಿನ ಪೆಟ್ಟಿಗೆಯನ್ನು ಕಳಚಿ ಶಂಕುವಿನಾಕಾರದ ಎಣ್ಣೆಹತ್ತಿಯ ಫಿಲ್ಟರನ್ನು ಕೂರಿಸುವ ‘ಕೋಲ್ಡ್ ಏರ್ ಇಂಟೇಕ್’ ಎಂಬುದರ ತತ್ತ್ವದಲ್ಲಿ ದೋಷವಿಲ್ಲ. ಗಾಳಿ 10 ಡಿಗ್ರಿ ಕಾದರೆ ಅದರ ಸಾಂದ್ರತೆ ಶೇಕಡಾ 3ರಷ್ಟು ತಗ್ಗುತ್ತದೆ, ಸಮುದ್ರಕ್ಕಿಂತ 500 ಮೀಟರಿಗೂ ಮೇಲಿರುವ ಹೈದರಾಬಾದಿನ ಗಾಳಿಯಾದರೋ ಮೊದಲೇ ಮುಂಬಯಿಯದಕ್ಕಿಂತ ತೆಳುವು. ದೋಷವಿರುವುದು ಕೂರಿಸುವ ಜಾಗದಲ್ಲಿ. ಹೊರಗೆ 42 ಡಿಗ್ರಿಯಿದ್ದು ಬಾನೆಟ್ಟಿನೊಳಗೆ 65 ಆಗಿದೆಯೆಂದರೆ, ತೆರೆದ ಶಂಕು ಕುಡಿಯುವುದು ಆ ಒಳಗಿನ ಉರಿಯನ್ನೇ. ಹೆಸರು ಶೀತಲ, ಲಾಭ ಶೇಕಡಾ 7ರಷ್ಟು ನಷ್ಟ. ಕಂಪನಿಯ ಪೆಟ್ಟಿಗೆಯಾದರೆ ಅನೇಕ ಸಣ್ಣ ಕಾರುಗಳಲ್ಲಿ ಗ್ರಿಲ್ಲಿನ ಹಿಂದಿನಿಂದಲೇ ಗಾಳಿ ಸೆಳೆಯುತ್ತದೆ. ಹೊಸ ಕೊಳವೆಯಿಂದ ಸದ್ದು ಹೆಚ್ಚುವುದು ನಿಜ. ಗಂಟಲು ದೊಡ್ಡದಾದ ಮಾತ್ರಕ್ಕೆ ಯಾರೂ ಗಾಯಕರಾಗುವುದಿಲ್ಲ.

ಕೊಳವೆಯನ್ನು ತಂಪಿಗಾಗಿ ಬಂಪರಿನ ಕೆಳಗಿಳಿಸಿದರೆ ಅಪಾಯ ಬೇರೆ ತರದ್ದು. 2020ರ ಅಕ್ಟೋಬರಿನ ಮಳೆಯಲ್ಲಿ ಆ ನಗರದ ಬೀದಿಗಳು ನದಿಗಳಾದುದನ್ನು ಕಂಡವರು ಒಪ್ಪುವರು. ಗಾಳಿಗೆ ಬದಲು ನೀರನ್ನು ನುಂಗಿದ ಎಂಜಿನ್ನು ಕನೆಕ್ಟಿಂಗ್ ರಾಡನ್ನೇ ಬಗ್ಗಿಸಿಕೊಳ್ಳುತ್ತದೆ. ಆದುದರಿಂದ ರಾಣಿಗಂಜಿಗೆ ಹೋಗುವವರು ಬೆಲೆಗೆ ಮೊದಲು ಕೊಳವೆಯ ಬಾಯಿ ಎಲ್ಲಿ ತೆರೆಯುವುದೆಂದು ಕೇಳಿರಿ. ಹೋಗದವರು ಯುಗಾದಿಗೆ ಮುನ್ನ ಕಾಗದದ ಫಿಲ್ಟರನ್ನು ಬದಲಾಯಿಸಿರಿ.