ಹಿಟ್ಟಿಲ್ಲದ ಉಪ್ಪಿಟ್ಟು

ಕೊಯಮತ್ತೂರಿನ ದಿನಸಿ ಅಂಗಡಿಗಳಲ್ಲಿ ಈಗ ಓಟ್ಸ್ ಪೊಟ್ಟಣ ರವೆಯ ಪಕ್ಕದಲ್ಲೇ ಇರುತ್ತದೆ. ಅದರಿಂದ ಬೆಳಗಿನ ತಿಂಡಿ ಮಾಡಿದರೆ ಪಕ್ಕದ ತಮಿಳರ ಮನೆಯಲ್ಲಿ ಓಟ್ಸ್ ಉಪ್ಪುಮಾ, ಕನ್ನಡ ಮನೆಮಾತಾದ ನಮ್ಮಲ್ಲಿ ಓಟ್ಸ್ ಉಪ್ಪಿಟ್ಟು. ಹಿರಿಯರಲ್ಲಿ ಕೆಲವರಿಗೆ ಈ ಹೆಸರು ಸರಿಬರುವುದಿಲ್ಲ. ಗಂಜಿಗೆ ಒಗ್ಗರಣೆ ಹಾಕಿ ಅದನ್ನು ಉಪ್ಪಿಟ್ಟು ಅನ್ನಬೇಡಿ, ಉಪ್ಪಿಟ್ಟು ಅಂದರೆ ರವೆಯದು ಎನ್ನುತ್ತಾರೆ. ಅವರ ಮಾತಿನಲ್ಲಿ ಎರಡು ಆಕ್ಷೇಪಗಳಿವೆ. ಒಂದಕ್ಕೆ ಉತ್ತರ ಉಪ್ಪಿಟ್ಟೆಂಬ ಪದದಲ್ಲೇ ಇದೆ, ಇನ್ನೊಂದಕ್ಕೆ ಒಲೆಯ ಮೇಲೆ.

ಉಪ್ಪು, ಹಿಟ್ಟು. ಎರಡೂ ಕೂಡಿ ಉಪ್ಪಿಟ್ಟು. ಹಳಗನ್ನಡದಲ್ಲಿ ಹಿಟ್ಟು ಪಿಟ್ಟಾಗಿತ್ತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೂ ಹೂವಾದಂತೆ ಅದೂ ಬದಲಾಯಿತು. ಮೂಲ ಸಂಸ್ಕೃತದ ಪಿಷ್ಟ ಎನ್ನುವವರೂ ಇದ್ದಾರೆ. ತಮಿಳು ಪಕಾರವನ್ನು ಬಿಡಲಿಲ್ಲ. ಮದುರೆಯ ವಂದಿ ಎಂಬ ಮುದುಕಿ ಮಾರುತ್ತಿದ್ದ ಪಿಟ್ಟೆಂಬ ತಿಂಡಿಗಾಗಿ ಶಿವನೇ ಕೂಲಿಯಾಳಾಗಿ ಬಂದು ವೈಗೆ ನದಿಯ ದಂಡೆಗೆ ಮಣ್ಣು ಹೊತ್ತ ಕಥೆ ತಮಿಳುನಾಡಿನಲ್ಲಿ ಎಲ್ಲರಿಗೂ ಗೊತ್ತು. ಶಿವ ತಿಂದ ಆ ಪಿಟ್ಟು ನಮ್ಮ ಹಿಟ್ಟಿನ ಒಡಹುಟ್ಟು.

ಈ ತಿಂಡಿಗೆ ನೆರೆಹೊರೆಯವರು ಇಟ್ಟ ಹೆಸರುಗಳನ್ನು ಒಟ್ಟಿಗೆ ಹೇಳಿಕೊಂಡರೆ ನನಗೆ ಖುಷಿಯಾಗುತ್ತದೆ. ತಮಿಳಿನಲ್ಲಿ ಉಪ್ಪುಮಾವು, ಮಾವು ಅಂದರೆ ಹಿಟ್ಟು. ತೆಲುಗಿನವರ ಅಕ್ಕಿತರಿಯ ತಿಂಡಿ ಉಪ್ಪಿಂಡಿ, ಪಿಂಡಿ ಅಂದರೂ ಹಿಟ್ಟು. ಮರಾಠಿಯಲ್ಲಿ ಉಪ್ಪೀಟ್, ಅಲ್ಲಿನ ಪೀಠವೂ ಹಿಟ್ಟೇ. ನಾಲ್ಕು ಭಾಷೆಗಳು ಒಂದೇ ಬಾಣಲೆಯನ್ನು ನೋಡಿ ಒಂದೇ ಮಾತು ಹೇಳಿವೆ.

ಆದರೆ ಬಾಣಲೆಯಲ್ಲಿ ಹಿಟ್ಟಿಲ್ಲ! ರವೆ ಹಿಟ್ಟಲ್ಲ, ತರಿ. ನುಣ್ಣನೆಯ ಹಿಟ್ಟಿನಲ್ಲಿ ಉಪ್ಪಿಟ್ಟು ಮಾಡಲು ಹೋದರೆ ಅದು ಅಂಟಾಗುತ್ತದೆ. ಗೋಧಿಯ ರವೆಯಾದರೂ ದಕ್ಷಿಣದ ಅಕ್ಕಿ, ರಾಗಿ, ಜೋಳದ ಸೀಮೆಗೆ ಹೊರಗಿನಿಂದ ಬಂದದ್ದು. ಅದನ್ನು ಇಂದಿಗೂ ಬಾಂಬೆ ರವೆ ಅನ್ನುತ್ತೇವೆ, ಬಂದ ದಾರಿ ಹೆಸರಿನಲ್ಲೇ ಉಳಿದಿದೆ. ರವೆಯನ್ನು ಒಳಗೆ ಬಿಟ್ಟುಕೊಂಡ ಪದವೇ ಅಕ್ಕಿತರಿಯನ್ನೂ ಶಾವಿಗೆಯನ್ನೂ ಗೋಧಿನುಚ್ಚನ್ನೂ ಬಿಟ್ಟುಕೊಂಡಿತು. ಓಟ್ಸ್ ಬಾಗಿಲಿಗೆ ಬಂದಾಗ ಮಾತ್ರ ಯಾಕೆ ತಡೆಯಬೇಕು?

ಹಿಟ್ಟು ಎಂಬ ಪದವೇ ಉದಾರ. ಬೀಸಿದ ಪುಡಿಯೂ ಹಿಟ್ಟು, ರುಬ್ಬಿದ ದೋಸೆಯ ಸಂಪಣವೂ ಹಿಟ್ಟು. ಮಂಡ್ಯ, ಮೈಸೂರಿನ ಕಡೆ ಬೆಂದು ತಟ್ಟೆಗೆ ಬಂದ ರಾಗಿಮುದ್ದೆಯೂ ಹಿಟ್ಟು, ಅದನ್ನು ತೊಳಸುವುದು ಹಿಟ್ಟಿನ ಕೋಲಿನಿಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವಾಗ ಹಿಟ್ಟು ಇಡೀ ಊಟಕ್ಕೇ ಹೆಸರು. ತಮಿಳಿನ ಮಾವೂ ಹೀಗೆ ಹರಡಿಕೊಂಡಿದೆ. ಕೊಯಮತ್ತೂರಿನ ಬೀದಿಯಲ್ಲಿ ಬರಿದೇ ಮಾವು ಎಂದರೆ ಇಡ್ಲಿಯ ಹಿಟ್ಟು. ವಿದ್ಯುತ್ತಿನಲ್ಲಿ ತಿರುಗುವ ರುಬ್ಬುಕಲ್ಲನ್ನು 1955ರಲ್ಲಿ ಪಿ. ಸಭಾಪತಿಯವರು ರೂಪಿಸಿದ ಊರಿದು. ಕೊಯಮತ್ತೂರ್ ವೆಟ್ ಗ್ರೈಂಡರ್‌ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹಿಟ್ಟಿಗೆ ಇಷ್ಟು ದುಡಿದ ಊರಿನಲ್ಲಿ ಅದರ ಅರ್ಥ ಹಿಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥ ಹಿಟ್ಟಿನಿಂದ ಹುಟ್ಟಿದ ಉಪ್ಪಿಟ್ಟು ಎಂಬ ಪದವನ್ನು ಜನ ಹಗುರಾಗಿ ಬಳಸುವುದು ನನಗೆ ನೋವಿನ ಸಂಗತಿ. ಬೆಂಗಳೂರಿನ ಹುಡುಗರು ಉಪ್ಪಿಟ್ಟನ್ನು ಕಾಂಕ್ರೀಟ್ ಅನ್ನುತ್ತಾರೆ. ತಮಿಳು ಚಿತ್ರರಂಗದಲ್ಲಿ ಉಪ್ಪುಮಾ ಕಂಪನಿ ಎಂದರೆ ಕೈಯಲ್ಲಿ ಕಾಸಿಲ್ಲದೆ ಸಿನಿಮಾ ಶುರು ಮಾಡುವ ಸಂಸ್ಥೆ. ಅಗ್ಗ, ಅವಸರ, ಬೇರೇನೂ ಇಲ್ಲದಾಗಿನ ಗತಿ: ಇಷ್ಟೇ ಈ ಪದಕ್ಕೆ ಅಂಟಿಸಿದ ಅರ್ಥ. ಆದರೆ ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಳಗಿನ ತಿಂಡಿಯ ಯೋಜನೆ ಶುರು ಮಾಡಿದಾಗ ಸೋಮವಾರದ ಪಟ್ಟಿಯಲ್ಲಿ ಇದ್ದದ್ದು ಈ ಉಪ್ಪುಮಾವೇ: ರವೆಯದು, ಶಾವಿಗೆಯದು, ಅಕ್ಕಿಯದು, ಗೋಧಿರವೆಯದು, ಜೊತೆಗೆ ತರಕಾರಿ ಸಾಂಬಾರ್. ತಿರುಪ್ಪೂರಿನ ಬನಿಯನ್ ಕಂಪನಿಗಳ ಬೆಳಗಿನ ಪಾಳಿಗೆ ತಾಯಿ ತಂದೆ ಇಬ್ಬರೂ ಹೊರಡುವ ಮನೆಗಳಿವೆ. ಆ ಮಕ್ಕಳ ಮುಂದೆ ಬಿಸಿಯಾಗಿ ಬಂದು ಕೂರುವ ತಿಂಡಿಯ ಹೆಸರನ್ನು ಬಡಪಾಯಿಯ ಪದವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ತಲೆತಲಾಂತರದಿಂದ ಇವೆ. ಸಿರುಮುಗೈಯ ರೇಷ್ಮೆ, ನೆಗಮದ ಹತ್ತಿಸೀರೆ ನೇಯುವ ದೇವಾಂಗರು, ಬೇಸಾಯದ ಒಕ್ಕಲಿಗರು. ದೇವಾಂಗರು ಕುಲದೇವತೆ ಚೌಡೇಶ್ವರಿಯನ್ನು ಜೊತೆಗೆ ತಂದರು, ಭಾಷೆಯನ್ನೂ ತಂದರು. ಲಿಪಿ ಮಾತ್ರ ಬಹುಪಾಲು ಮನೆಗಳಲ್ಲಿ ಉಳಿಯಲಿಲ್ಲ, ಮಕ್ಕಳು ಓದುವುದು ತಮಿಳು. ಕಚೇರಿಯ ಪದಗಳು ಮೊದಲು ಹೋಗುತ್ತವೆ, ಅಡುಗೆಮನೆಯ ಪದಗಳು ಕೊನೆಗೆ. ಕನ್ನಡ ತಮಿಳಿಗೆ ಕೊಟ್ಟದ್ದೂ ಉಂಟು. ಈ ಜಿಲ್ಲೆಗಳು ಸೇರಿದ ಕೊಂಗುನಾಡಿನ ತಮಿಳರು ಹಬ್ಬಕ್ಕೆ ಮಾಡುವ ಸಿಹಿಯನ್ನು ತಮಿಳಿನ ಬೇರೆ ಕಡೆಯವರಂತೆ ಪೋಳಿ ಎನ್ನದೆ ಒಪ್ಪುಟ್ಟು ಎನ್ನುತ್ತಾರೆ. ಅದು ನಮ್ಮ ಒಬ್ಬಟ್ಟು. ಹಾಗಾಗಿ ಓಟ್ಸ್‌ನಂಥ ಹೊಸ ಧಾನ್ಯಕ್ಕೂ ನಮ್ಮ ಹಳೆಯ ಪದ ಸಿಕ್ಕಲಿ ಎಂದು ನಾನು ಹಟ ಮಾಡುತ್ತೇನೆ. ಓಟ್ಸ್‌ಗೆ ಕನ್ನಡ ನಿಘಂಟಿನಲ್ಲಿ ತೋಕೆಗೋಧಿ ಎಂಬ ಹೆಸರಿದೆ. ಚೆಂದದ ಪದ, ಆದರೆ ಅಂಗಡಿಯಲ್ಲಿ ಕೇಳಿದರೆ ಯಾರಿಗೂ ತಿಳಿಯದು. ಓಟ್ಸ್ ಓಟ್ಸ್ ಆಗಿಯೇ ಇರಲಿ, ಉಪ್ಪಿಟ್ಟು ಉಪ್ಪಿಟ್ಟಾಗಿ ಉಳಿಯಲಿ.

ಇನ್ನು ಗಂಜಿಯ ಆಕ್ಷೇಪ. ಅದು ನ್ಯಾಯವಾದದ್ದೇ. ಓಟ್ಸ್ ಕಾಳಿನಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಕಮಟು ಹಿಡಿಯುತ್ತದೆ. ಅದಕ್ಕೇ ಗಿರಣಿಯಲ್ಲಿ ಹಬೆಯಾಡಿಸಿ ಆಮೇಲೆ ಅವಲಕ್ಕಿಯಂತೆ ಒತ್ತುತ್ತಾರೆ. ಅಂದರೆ ಪೊಟ್ಟಣದೊಳಗಿನದು ಆಗಲೇ ಅರೆಬೆಂದದ್ದು. ಜೊತೆಗೆ ಅದರಲ್ಲಿ ಬೀಟಾ ಗ್ಲೂಕನ್ ಎಂಬ ಕರಗುವ ನಾರಿದೆ. ದಿನಕ್ಕೆ 3 ಗ್ರಾಂ ಆ ನಾರು ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ ಎಂಬ ಆಧಾರದ ಮೇಲೆ 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಓಟ್ಸ್ ಪೊಟ್ಟಣಗಳ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿತು. ಡಾಕ್ಟರು ಓಟ್ಸ್ ತಿನ್ನಿ ಎನ್ನುವುದು ಯಾವ ನಾರಿನಿಂದಲೋ ಉಪ್ಪಿಟ್ಟು ಲೋಳೆಯಾಗುವುದೂ ಅದೇ ನಾರಿನಿಂದ.

ರವೆಗೆ ಹಾಕುವ ಎರಡೂವರೆ ಪಾಲು ನೀರನ್ನು ಓಟ್ಸ್‌ಗೆ ಹಾಕಿದರೆ ಹಿರಿಯರ ಮಾತು ನಿಜವಾಗುತ್ತದೆ. ಒಂದು ಲೋಟ ಓಟ್ಸ್‌ಗೆ ಮುಕ್ಕಾಲು ಲೋಟ ನೀರು ಸಾಕು. ದಪ್ಪ ಎಸಳಿನ ಓಟ್ಸನ್ನೇ ತರಬೇಕು, ಪುಡಿಯಾದದ್ದು ಬೇಡ. ಮೊದಲು ಒಣಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ತೆಗೆದಿಡಬೇಕು. ಎಣ್ಣೆ ಕಡಲೆಕಾಯಿಯದು. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು. ಪಲ್ಲಡದ ಕಡೆಯ ಸಣ್ಣ ಈರುಳ್ಳಿ ಸಿಕ್ಕರೆ ದೊಡ್ಡದನ್ನು ಮುಟ್ಟಬೇಡಿ, ಬಾಡಿದಾಗ ಅದಕ್ಕೆ ಬರುವ ಸಿಹಿಯೇ ಬೇರೆ. ಉಪ್ಪು ಒಗ್ಗರಣೆಗೇ ಸೇರಲಿ. ನೀರು ಕುದಿಸಿ ಸುರಿಯುವುದಕ್ಕಿಂತ ಹುರಿದ ಓಟ್ಸನ್ನು ಒಗ್ಗರಣೆಗೆ ಹಾಕಿ, ಬಿಸಿನೀರನ್ನು ಮೂರು ಸಲ ಚಿಮುಕಿಸಿ, ಪ್ರತಿ ಸಲವೂ ಸೌಟಿನ ಹಿಂಬದಿಯಿಂದ ಮೆಲ್ಲಗೆ ಮಗುಚುವುದು ಒಳ್ಳೆಯದು. ತಮಿಳಿನವರು ಉಪ್ಪುಮಾ ಕಿಂಡುವುದು, ಅಂದರೆ ಕಲಕುವುದು, ಎನ್ನುತ್ತಾರೆ; ಓಟ್ಸನ್ನು ಅಷ್ಟು ಕಿಂಡಿದರೆ ಕೆಟ್ಟಿತು. ಮುಚ್ಚಿ ಎರಡು ನಿಮಿಷ ಬಿಟ್ಟು, ಪೊಳ್ಳಾಚಿಯ ತೆಂಗಿನಕಾಯಿ ತುರಿ, ಊತ್ತುಕ್ಕುಳಿಯ ತುಪ್ಪ ಒಂದು ಚಮಚ, ಕೊನೆಗೆ ನಿಂಬೆರಸ ಸೇರಿಸಬೇಕು. ಎಸಳು ಎಸಳಾಗಿ ಉದುರುವ ಇದನ್ನು ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಹಿಡಿದುಕೊಳ್ಳುತ್ತದೆ. ಗಂಜಿ ಎಂದವರಿಗೆ ಮೊದಲ ತಟ್ಟೆ ಕೊಡಿ.