ತೆಕ್ಕಲಕೋಟೆ ಗಡಿಗೆಯಿಂದ ಕೌಲ್ ಬಜಾರದ ಓಣಿ ತನಕ

“ಬಳ್ಳಾರಿಯಾಗ ನೋಡೋದೇನೈತಿ? ಬಿಸಿಲು, ಧೂಳು, ಒಂದು ಕೋಟೆ.” ರಜಕ್ಕ ಬಂದ ಮಕ್ಕಳು ಹಿಂಗೇ ಅಂತಾವ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನೋ ಹೊತ್ತಿನಾಗ ಅವರಿಗೆ ಹೇಳಾಕ ಬರಲಿ ಅಂತ ನಾಲ್ಕು ಮಾತು ಬರೆದೀನಿ, ಅಕ್ಕಾರ. ರಾಜರ ಮಾತು ಕಡಿಮಿ, ಮನಿ ಮತ್ತು ಗೋರಿಗಳ ಮಾತು ಜಾಸ್ತಿ. ಕೋಟೆ ಯಾರೂ ಹೇಳದಿದ್ರೂ ನಿಂತಿರತೈತಿ. ನಮ್ಮಂಥವರು ಬಾಳಿದ ಮನಿ, ಮಣ್ಣಾದ ಜಾಗ ಮಾತ್ರ ಯಾರಾದ್ರೂ ಹೇಳಿದ್ರ ಉಳೀತಾವ.

ಸಿರುಗುಪ್ಪ ಅಂದ ಕೂಡಲೇ ನಮಗೆ ನೆನಪಾಗೋದು ಭತ್ತದ ಗದ್ದಿ. ತುಂಗಭದ್ರೆಯ ನೀರು ಆ ಹೊಲಗಳಿಗೆ ತಂದ ಹಳೆ ಕಾಲುವೆ ವಿಜಯನಗರ ಕಾಲದ್ದು. ಆದರ ಅದಕ್ಕಿಂತ ಎಷ್ಟೋ ಹಿಂದಿನ ಸಂಸಾರ ಅದೇ ತಾಲ್ಲೂಕಿನ ತೆಕ್ಕಲಕೋಟೆ ಗುಡ್ಡದಾಗ ಸಿಕ್ಕೈತಿ. ಡಾ. ಎಂ.ಎಸ್. ನಾಗರಾಜರಾವ್ ಅವರು 1963-64ರಲ್ಲಿ ಅಲ್ಲಿ ಉತ್ಖನನ ಮಾಡಿಸಿದರು. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಗುಡ್ಡದ ಮೇಲೆ ದುಂಡನೆ ಗುಡಿಸಲು ಹಾಕ್ಕೊಂಡು ಬಾಳಿದ ಜನ ಅವರು. ಒಲಿ, ಗಡಿಗಿ, ಕಲ್ಲಿನ ಕೊಡಲಿ, ಜೊತಿಗೆ ಬಂಗಾರದ ಕಿವಿ ಒಡವಿ ಕೂಡ ಸಿಕ್ತು. ಅಂದ್ರ ಆವಾಗಲೂ ಕಿವಿಗೆ ಬಂಗಾರ ಬೇಕಾಗಿತ್ತು ನೋಡ್ರಿ!

ನನ್ನ ಮನಸ್ಸಿನಾಗ ಕೂತಿದ್ದು ಆ ಒಡವಿ ಅಲ್ಲ. ತೀರಿಹೋದ ಎಳೆಗೂಸುಗಳನ್ನ ಗಡಿಗಿಯೊಳಗ ಇಟ್ಟು, ತಾವು ಬಾಳೋ ಜಾಗದಾಗೇ ಮಣ್ಣು ಮಾಡ್ತಿದ್ದರಂತೆ. ಊರ ಹೊರಗ ಒಯ್ದು ಬಿಟ್ಟು ಬರಲಿಲ್ಲ. ಯಾಕೆ ಅಂತ ಪಂಡಿತರು ಬೇರೆ ಬೇರೆ ಕಾರಣ ಹೇಳಬಹುದು. ಕೂಸು ಕಳಕೊಂಡ ತಾಯಿ ಇರೋ ಮನಿಯೊಳಗ ಆ ಕಾರಣ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಿರುಗುಪ್ಪದಿಂದ ಬಳ್ಳಾರಿ ಕಡೆ ಬಂದ್ರ ಕುರುಗೋಡು. ದೊಡ್ಡಬಸವೇಶ್ವರ ನಮಗೆಲ್ಲ ಗೊತ್ತು. ಜಾತ್ರೆಗೆ ಹೋಗದವರು ಯಾರದಾರ? ಆಳೆತ್ತರಕ್ಕೂ ಮಿಗಿಲಾದ ಆ ಬಸವಣ್ಣ ಒಂದೇ ಕಲ್ಲಿನವ. ಆದರ ದರ್ಶನ ಮುಗಿಸಿ ಬಸ್ಸಿಗೆ ಓಡೋ ಮುಂಚೆ ಗುಡ್ಡದ ಕಡೆ ಒಂದು ಸುತ್ತು ಹಾಕ್ರಿ. 12ನೇ ಶತಮಾನದಾಗ ಇಲ್ಲಿ ಚಾಲುಕ್ಯರ ಸಾಮಂತರಾದ ಸಿಂದರು ಆಳಿದರು. ಅವರ ಕಾಲದ ಗುಡಿಗಳು ಇನ್ನೂ ಅದಾವ, ಕೆಲವು ಪಾಳು ಬಿದ್ದಾವ.

ನಮ್ಮ ಸೀಮ್ಯಾಗ ಊರ ಅಗಸಿ, ಗುಡಿ ಹತ್ತಿರ ವೀರಗಲ್ಲು, ಮಾಸ್ತಿಗಲ್ಲು ಕಾಣ್ತಾವ. ಮಾಸ್ತಿಗಲ್ಲು ಗುರುತಿಸೋದು ಸುಲಭ: ಬಳಿ ತೊಟ್ಟ ಒಂದು ಕೈ, ಮೊಣಕೈ ಮಡಚಿ ಮೇಲೆತ್ತಿದ್ದು. ಗಂಡನ ಚಿತೆ ಏರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು. ನಾವು ಅದಕ್ಕ ಅರಿಶಿನ-ಕುಂಕುಮ ಹಚ್ಚಿ ಕೈ ಮುಗೀತೀವಿ. ಎಷ್ಟೋ ಕಲ್ಲಿನ ಮ್ಯಾಲ ಆಕಿ ಹೆಸರೇ ಇಲ್ಲ, ಕೈಯೊಂದೇ ಐತಿ. ಕೈ ಮುಗಿಯೋಣ, ಆದರ ಮಗಳಿಗೆ ಕಥಿ ಪೂರಾ ಹೇಳೋಣ: ಒಬ್ಬ ಹೆಂಗಸಿನ ಜೀವ ಹೋಗಿತ್ತು, ಆಮ್ಯಾಲೆ ಆಕಿ ದೇವಿ ಆದಳು.

ಇನ್ನು ಬಳ್ಳಾರಿ. ಗುಡ್ಡದ ಮ್ಯಾಲಿನ ಕೋಟೆ ಹನುಮಪ್ಪನಾಯಕ ಕಟ್ಟಿಸಿದ್ದು, ಕೆಳಗಿನ ಕೋಟೆ ಹೈದರಾಲಿ ಕಾಲದ್ದು. ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರಿಗೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಐತಿ ಅನ್ನೋದು ಹೊಳೀಲಿಲ್ಲ, ಅದಕ್ಕ ಹೈದರಾಲಿ ಅವನನ್ನ ಗಲ್ಲಿಗೇರಿಸಿದ ಅಂತ ಕಥಿ ಐತಲ್ಲ? ಪೂರ್ವದ ಬಾಗಿಲ ಹತ್ತಿರ ಒಂದು ಗೋರಿ ತೋರಿಸಿ, ಅದು ಅವನದೇ ಅಂತಾರ ಕೆಲವರು. ಅಲ್ಲ, ಅದು ಒಬ್ಬ ಮುಸಲ್ಮಾನ ಸಂತರದ್ದು ಅಂತಾರ ಇನ್ನು ಕೆಲವರು. ಒಂದೇ ಗೋರಿಗೆ ಎರಡು ಕಥಿ. ಎರಡನ್ನೂ ಹೇಳ್ರಿ, ಮಕ್ಕಳು ಕಣ್ಣರಳಿಸಿ ಕೇಳ್ತಾವ.

1800ರಲ್ಲಿ ಈ ಸೀಮಿ ಕಂಪನಿ ಕೈಗೆ ಹೋತು. ದಂಡು ಬಂದು ಇಳೀತು, ದಂಡಿನ ಹಿಂದ ಬಜಾರ ಬಂತು. ಕೌಲು ಅಂದ್ರ ಕರಾರು. ಕೌಲ್ ಬಜಾರ ಅನ್ನೋ ಹೆಸರಿನಾಗೇ ಆ ಮಾತು ಕೂತೈತಿ. ಬ್ರೂಸ್‌ಪೇಟೆ ಒಬ್ಬ ಇಂಗ್ಲಿಷ್ ಅಧಿಕಾರಿ ಹೆಸರಿಂದು. ಮೊದಲನೇ ಮಹಾಯುದ್ಧದಾಗ ಸೆರೆ ಸಿಕ್ಕ ತುರ್ಕಿ ಸಿಪಾಯಿಗಳನ್ನ ದೂರದಿಂದ ತಂದು ಇದೇ ಊರಾಗ ಇಟ್ಟಿದ್ರು. ಆ ಕಾಲಕ್ಕ ಸಮವಸ್ತ್ರ ಹೊಲೀತಿದ್ದ ದರ್ಜಿಗಳಿಂದಲೇ ಮುಂದ ನಮ್ಮ ಜೀನ್ಸ್ ಹೊಲಿಗೆ ಬೆಳೀತು ಅಂತಾರ. ಇವತ್ತು ಮನ್ಯಾಗೇ ಕೂತು ಪ್ಯಾಂಟ್ ಹೊಲಿದು ಸಂಸಾರ ನಡೆಸೋ ಹೆಣ್ಣುಮಕ್ಕಳು ನಮ್ಮ ನಡುವೇ ಅದಾರ. ಅದೂ ಇತಿಹಾಸನೇ.

ಇನ್ನೊಂದು ದಿನ ನೆನಪಿಡ್ರಿ: 1953ರ ಅಕ್ಟೋಬರ್ 1. ಬಳ್ಳಾರಿ ಮೈಸೂರು ರಾಜ್ಯಕ್ಕ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕ ಹೋದವು. ರಾತ್ರಿ ಮಲಗಿ ಬೆಳಿಗ್ಗೆ ಏಳೋದ್ರಾಗ ಎಷ್ಟೋ ಸೊಸೆಯಂದಿರ ತವರು ಬೇರೆ ರಾಜ್ಯದಾಗಿತ್ತು. ಇವತ್ತಿಗೂ ನಮ್ಮ ಮನಿಗಳಾಗ ಅರ್ಧ ಮಾತು ಕನ್ನಡ, ಅರ್ಧ ತೆಲುಗು ಆಗೋದು ಸುಮ್ಮನಲ್ಲ.

ಈಗ ಓಣಿಗಳು ಬದಲಾಗ್ತಾ ಅದಾವ. ನಮ್ಮ ಓಣ್ಯಾಗೇ ಈ ವರ್ಷ ಎರಡು ಮಾಳಿಗಿ ಮನಿ ಕೆಡವಿದ್ರು. ದಪ್ಪ ಮಣ್ಣಿನ ಗೋಡೆ, ಬೆಳಕಿಂಡಿ, ಕಟ್ಟಿಗಿ ಕಂಬ, ಪಡಸಾಲಿ ಎಲ್ಲಾ ಟ್ರ್ಯಾಕ್ಟರಿನಾಗ ಹೋದವು. ಹೊಸ ಮನಿ ಬ್ಯಾಡ ಅನ್ನಲ್ಲ. ಮಳಿಗಾಲದಾಗ ಸೋರೋ ಮಾಳಿಗಿ ಕೆಳಗ ಬಿಂದಿಗಿ ಇಟ್ಟವರಿಗೆ ಆ ಕಷ್ಟ ಗೊತ್ತು. ಆದರ ಕೆಡವೋ ಮುಂಚೆ ಒಂದು ಕೆಲಸ ಮಾಡ್ರಿ. ಒಂದು ಫೋಟೋ ತೆಗೀರಿ. ಮನ್ಯಾಗಿನ ಹಿರೇರನ್ನ ಕೂಡಿಸಿಕೊಂಡು ಕೇಳ್ರಿ: ಈ ಮನಿ ಯಾರು ಕಟ್ಟಿದ್ರು, ಯಾವ ಕ್ವಾಣ್ಯಾಗ ಬಾಣಂತನ ಆತು, ಯಾರ್‍ಯಾರನ್ನ ಎಲ್ಲಿ ಮಣ್ಣು ಮಾಡಿದ್ರು. ಹೆಣ್ಣುಮಕ್ಕಳ ಹೆಸರು ಬಿಡದಂಗ ಬರಕೋರಿ; ವಂಶಾವಳಿಯಾಗ ಮೊದಲು ಬಿಟ್ಟುಹೋಗೋದು ಅವೇ. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳಿ ಆದ್ರೂ ಸಾಕು.