ಥೈಮಸ್ ಗಡ್ಡೆ ಮತ್ತು ಮಾತ್ರೆಗೆ ಬಗ್ಗದ ರಕ್ತಹೀನತೆ

ರಕ್ತ ಕಡಿಮೆ ಎಂದರೆ ಕಬ್ಬಿಣದ ಮಾತ್ರೆ. ಹೆಚ್ಚಿನವರಿಗೆ ಅದು ಸರಿಯಾದ ಮದ್ದೇ. ಆದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದೆ, ಮತ್ತೆ ಮತ್ತೆ ರಕ್ತ ಹಾಕಿಸಬೇಕಾಗಿ ಬಂದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಅಪರೂಪಕ್ಕೆ ಅದು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿರುತ್ತದೆ.

ಥೈಮಸ್ ಇರುವುದು ಎದೆಮೂಳೆಯ ಹಿಂದೆ, ಹೃದಯದ ಮುಂದೆ. ಯಾವುದು ರೋಗಾಣು, ಯಾವುದು ತನ್ನದೇ ದೇಹ ಎಂಬ ವ್ಯತ್ಯಾಸವನ್ನು 'ಟಿ' ಜೀವಕೋಶಗಳು ಕಲಿಯುವುದು ಇಲ್ಲಿ. ವಯಸ್ಸಾದಂತೆ ಈ ಗ್ರಂಥಿ ಕುಗ್ಗುತ್ತದೆ. ಇದರಲ್ಲಿ ಬೆಳೆಯುವ ಥೈಮೋಮಾ ಎಂಬ ಗಡ್ಡೆ ಆ ಕಲಿಕೆಯನ್ನೇ ಕೆಡಿಸಿ, ಜೀವಕೋಶಗಳು ಸ್ವಂತ ದೇಹದ ಮೇಲೆ ತಿರುಗುವಂತೆ ಮಾಡಬಲ್ಲದು. ಹೆಚ್ಚಾಗಿ ಪೆಟ್ಟು ಬೀಳುವುದು ಸ್ನಾಯುಗಳಿಗೆ: ರೆಪ್ಪೆ ಜೋತುಬೀಳುವ, ನುಂಗಲು ಕಷ್ಟವಾಗುವ ಮಯಸ್ತೇನಿಯಾ ಗ್ರೇವಿಸ್ ಬರುತ್ತದೆ. ಥೈಮೋಮಾ ಇರುವ ನೂರರಲ್ಲಿ ಸುಮಾರು 5 ಮಂದಿಗೆ, ಅಥವಾ ಅದಕ್ಕೂ ಕಡಿಮೆ ಜನರಿಗೆ, ಪೆಟ್ಟು ಅಸ್ಥಿಮಜ್ಜೆಗೆ ಬೀಳುತ್ತದೆ. ಮಜ್ಜೆಯಲ್ಲಿ ಕೆಂಪು ಕಣಗಳ ತಯಾರಿ ಮಾತ್ರ ನಿಂತುಹೋಗುತ್ತದೆ. ಇದೇ ಪ್ಯೂರ್ ರೆಡ್ ಸೆಲ್ ಅಪ್ಲೇಸಿಯಾ.

ಸುಳಿವು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಇರುತ್ತದೆ. ಬಿಳಿ ಕಣ, ಪ್ಲೇಟ್‌ಲೆಟ್ ಸರಿಯಿದ್ದು ಹಿಮೋಗ್ಲೋಬಿನ್ ಒಂದೇ ಕುಸಿದಿರುತ್ತದೆ. ಆಗ ಕೇಳಬೇಕಾದದ್ದು ರೆಟಿಕ್ಯುಲೋಸೈಟ್ ಎಣಿಕೆ, ಅಂದರೆ ಹೊಸದಾಗಿ ಹುಟ್ಟಿದ ಕೆಂಪು ಕಣಗಳ ಲೆಕ್ಕ. ಪರೀಕ್ಷೆ ಸರಳ, ಆದರೆ ಬರೆಸದಿದ್ದರೆ ಯಾರೂ ಮಾಡುವುದಿಲ್ಲ. ಅದು ಸೊನ್ನೆಗೆ ಹತ್ತಿರವಿದ್ದರೆ ಮಜ್ಜೆಯ ಪರೀಕ್ಷೆ, ಜೊತೆಗೆ ಎದೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಚಿಕ್ಕ ಗಡ್ಡೆ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಎಲ್ಲಕ್ಕೂ ಗಡ್ಡೆಯೇ ಕಾರಣವಲ್ಲ. ಪಾರ್ವೊ ವೈರಸ್ ಬಿ19, ಫೆನಿಟಾಯಿನ್, ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಕೂಡ ಹೀಗೆ ಮಾಡಬಲ್ಲವು. ಹಾಗೆಂದು ಔಷಧಿಯನ್ನು ತಾವಾಗಿ ನಿಲ್ಲಿಸಬಾರದು.

ಗಡ್ಡೆ ತೆಗೆಸಬೇಕು, ಆದರೆ ಅದರಿಂದಲೇ ರಕ್ತ ಸರಿಹೋಗುವುದು ಕೆಲವರಿಗಷ್ಟೇ. ಉಳಿದವರಿಗೆ ಸೈಕ್ಲೋಸ್ಪೋರಿನ್, ಪ್ರೆಡ್ನಿಸೋಲೋನ್‌ನಂಥ ಔಷಧಿ ದೀರ್ಘಕಾಲ ಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಮಯಸ್ತೇನಿಯಾ ಇದೆಯೇ ಎಂದು ನೋಡಿಸಿಕೊಳ್ಳದಿದ್ದರೆ ನಂತರ ಉಸಿರಾಟಕ್ಕೇ ತೊಂದರೆ ಆದೀತು. ಪದೇ ಪದೇ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಶೇಖರವಾಗುತ್ತದೆ. ಅವರು ಸ್ವಂತವಾಗಿ ಕಬ್ಬಿಣದ ಮಾತ್ರೆ ತಿನ್ನುವುದು ಅಪಾಯ. ಇನ್ನು ಕೆಲವರಲ್ಲಿ ಪ್ರತಿಕಾಯಗಳು ಕುಸಿದು ಸೋಂಕುಗಳು ಮರುಕಳಿಸುತ್ತವೆ. 1954ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಗುಡ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಗುಡ್ ಸಿಂಡ್ರೋಮ್ ಎಂದು ಹೆಸರು.

ಗಡ್ಡೆ ತೆಗೆದು ವರ್ಷಗಳಾದ ಮೇಲೂ ರಕ್ತಹೀನತೆ ಮೊದಲ ಬಾರಿಗೆ ತಲೆದೋರಬಹುದು. ಕಾಸರಗೋಡಿನಿಂದ ಮಂಗಳೂರಿಗೆ, ಹೊಸೂರಿನಿಂದ ಬೆಂಗಳೂರಿಗೆ ಆಸ್ಪತ್ರೆಗೆ ಓಡಾಡುವ ನಮ್ಮಂಥವರ ಕಾಗದಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತವೆ. ಹಳೆಯ ಡಿಸ್ಚಾರ್ಜ್ ಪತ್ರ, ಬಯಾಪ್ಸಿ ವರದಿ, ರಕ್ತ ಹಾಕಿಸಿದ ದಿನಾಂಕಗಳು ಒಂದೇ ಫೈಲಿನಲ್ಲಿರಲಿ. ಎದೆಯ ಹಳೆಯ ಆಪರೇಷನ್ ವಿಷಯವನ್ನು ಹೊಸ ಡಾಕ್ಟರಿಗೆ ಕೇಳದಿದ್ದರೂ ಹೇಳಿ.